ಆಸ್ಪತ್ರೆಗೂ ಹಟ್ಟಿಗೂ ನಡುವೆ ನಿಂತ ಆನಿ ವಾನೆಕಾ

1951ನೇ ಇಸವಿ. ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ವಿಂಡೋ ರಾಕ್ ಎಂಬ ಊರು. ಕೆಂಪು ಕಲ್ಲಿನ ಎಂಟು ಮೂಲೆಯ ಕಟ್ಟಡದೊಳಗೆ ನವಾಹೊ ಬುಡಕಟ್ಟು ಪರಿಷತ್ತಿನ ಸಭೆ. ಒಟ್ಟು 74 ಸದಸ್ಯರು. ಅವರಲ್ಲಿ ಮಹಿಳೆ ಒಬ್ಬರೇ. ಮಖಮಲ್ಲಿನ ರವಿಕೆ, ನೆರಿಗೆಯ ಉದ್ದ ಲಂಗ, ಕೊರಳಲ್ಲಿ ಬೆಳ್ಳಿ ಮತ್ತು ನೀಲಿ ಕಲ್ಲಿನ ಸರ. ವಯಸ್ಸು ನಲವತ್ತರ ಆಸುಪಾಸು. ಹೆಸರು ಆನಿ ಡಾಡ್ಜ್ ವಾನೆಕಾ.

ಮುಂದಿನ 27 ವರ್ಷ ಅವರು ಆ ಪರಿಷತ್ತಿನಲ್ಲಿದ್ದರು. ಅಮೆರಿಕದ ಅಧ್ಯಕ್ಷರ ಕೈಯಿಂದ ಆ ದೇಶದ ದೊಡ್ಡ ನಾಗರಿಕ ಪದಕ ಪಡೆದರು. ಆದರೆ ನವಾಹೊ ಜನ ಅವರನ್ನು ನೆನೆಯುವುದು ಪದಕದಿಂದಲ್ಲ. ಟಿಬಿ ಬಂದು ಕೆಮ್ಮುತ್ತಾ ಮಲಗಿದವರ ಮನೆಗೆ ಹುಡುಕಿಕೊಂಡು ಹೋಗಿ, ನೆಲದ ಮೇಲೆ ಕೂತು, ಅವರದೇ ಮಾತಿನಲ್ಲಿ ರೋಗ ಏನೆಂದು ತಿಳಿಸಿ ಆಸ್ಪತ್ರೆಗೆ ಹೊರಡಿಸಿದ್ದರಿಂದ.

ಗೆದ್ದು ಬಂದ ಸದಸ್ಯೆಯೊಬ್ಬರು ಅಧಿಕಾರವನ್ನು ಹೀಗೂ ಬಳಸಬಹುದು ಎಂದು ತೋರಿಸಿದ ಕಥೆ ಇದು.

ನವಾಹೊ ಜನ ಯಾರು?

ಇಂಗ್ಲಿಷಿನಲ್ಲಿ ‘ಜೆ’ ಅಕ್ಷರ ಹಾಕಿ ಬರೆದರೂ ಹೇಳುವುದು ನವಾಹೊ ಎಂದೇ. ಅವರು ತಮ್ಮನ್ನು ‘ದಿನೆ’ ಎಂದು ಕರೆದುಕೊಳ್ಳುತ್ತಾರೆ. ಹಾಗೆಂದರೆ ಜನ. ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳಲ್ಲಿ ಅತಿ ದೊಡ್ಡ ನೆಲ ಉಳಿಸಿಕೊಂಡವರು ಇವರೇ. ಅರಿಜೋನಾ, ನ್ಯೂ ಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹರಡಿರುವ ಇವರ ನೆಲ ಸುಮಾರು 70 ಸಾವಿರ ಚದರ ಕಿಲೋಮೀಟರ್. ಇದಕ್ಕೆ ಅಲ್ಲಿ ‘ರಿಸರ್ವೇಶನ್’ ಅನ್ನುತ್ತಾರೆ. ನಾವು ಹೇಳುವ ಮೀಸಲಾತಿಗೂ ಅದಕ್ಕೂ ಸಂಬಂಧವಿಲ್ಲ. ಒಪ್ಪಂದ ಮಾಡಿಕೊಂಡು ಬುಡಕಟ್ಟಿಗೆಂದು ಬಿಟ್ಟ ನೆಲ ಎಂದರ್ಥ.

ಆ ಒಪ್ಪಂದ ಸುಮ್ಮನೆ ಆದದ್ದಲ್ಲ. 1864ರಲ್ಲಿ ಅಮೆರಿಕದ ಸೈನ್ಯ ನವಾಹೊ ಜನರ ಜೋಳದ ಹೊಲ, ಹಣ್ಣಿನ ತೋಟಗಳನ್ನು ಸುಟ್ಟು ಸಾವಿರಾರು ಮಂದಿಯನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಬೋಸ್ಕ್ ರೆಡೊಂಡೊ ಎಂಬಲ್ಲಿ ಕೂಡಿಹಾಕಿತು. ದಾರಿಯಲ್ಲೂ ಅಲ್ಲೂ ಬಹಳ ಜನ ಸತ್ತರು. ನಾಲ್ಕು ವರ್ಷದ ನಂತರ, 1868ರಲ್ಲಿ ಒಪ್ಪಂದವಾಗಿ ಊರಿಗೆ ವಾಪಸಾದರು. ಹಾಗೆ ನಡೆದು ಹೋಗಿ ಬಂದ ಮಕ್ಕಳಲ್ಲಿ ಒಬ್ಬ ಚೀ ಡಾಡ್ಜ್. ಆನಿಯ ಅಪ್ಪ.

ಚೀ ಡಾಡ್ಜ್ ಚಿಕ್ಕಂದಿನಲ್ಲೇ ತಬ್ಬಲಿಯಾದವರು. ಇಂಗ್ಲಿಷ್ ಕಲಿತು ಸರ್ಕಾರಕ್ಕೂ ನವಾಹೊ ಜನರಿಗೂ ನಡುವೆ ದುಭಾಷಿ ಕೆಲಸ ಹಿಡಿದರು. ಮುಂದೆ ದೊಡ್ಡ ಕುರಿ ಮಂದೆಗಳ ಒಡೆಯರಾದರು. 1920ರ ದಶಕದ ಮೊದಲಲ್ಲಿ ನವಾಹೊ ನೆಲದಲ್ಲಿ ಎಣ್ಣೆ ಸಿಕ್ಕಿತು. ಗುತ್ತಿಗೆಗೆ ಸಹಿ ಹಾಕಲು ಯಾರಾದರೂ ಬೇಕಿತ್ತು. ಅದಕ್ಕಾಗಿ 1923ರಲ್ಲಿ ಸರ್ಕಾರ ಪರಿಷತ್ತು ಮಾಡಿಸಿತು. ಅದರ ಮೊದಲ ಅಧ್ಯಕ್ಷರು ಚೀ ಡಾಡ್ಜ್.

ಕುರಿ ಕಾಯುತ್ತಾ ಬೆಳೆದ ಹುಡುಗಿ

ಆನಿ ಹುಟ್ಟಿದ್ದು 1910ರ ಏಪ್ರಿಲ್ 11ರಂದು, ‘ಹೋಗನ್’ ಎಂಬ ನವಾಹೊ ಮನೆಯಲ್ಲಿ. ಮರದ ದಿಮ್ಮಿ ಜೋಡಿಸಿ ಮಣ್ಣು ಮೆತ್ತಿದ ಒಂದೇ ಕೋಣೆ. ಬಾಗಿಲು ಮೂಡಣಕ್ಕೆ. ನಡುವೆ ಒಲೆ, ಹೊಗೆ ಹೋಗಲು ಮಾಡಿನಲ್ಲಿ ಕಿಂಡಿ. ಆನಿ ಸ್ವಲ್ಪ ದೊಡ್ಡವಳಾದ ಮೇಲೆ ಅಪ್ಪನ ದೊಡ್ಡ ಮನೆಯಲ್ಲಿ ಬೆಳೆದಳು. ಅಪ್ಪ ಶ್ರೀಮಂತನಾದರೂ ಮಗಳಿಗೆ ಕುರಿ ಕಾಯುವ ಕೆಲಸ ತಪ್ಪಲಿಲ್ಲ.

ಎಂಟನೇ ವಯಸ್ಸಿಗೆ ಫೋರ್ಟ್ ಡಿಫಯನ್ಸ್ ಎಂಬಲ್ಲಿನ ಸರ್ಕಾರಿ ವಸತಿ ಶಾಲೆಗೆ ಸೇರಿಸಿದರು. ಆಗಿನ ಇಂಥ ಶಾಲೆಗಳಲ್ಲಿ ಮಕ್ಕಳು ತಾಯಿನುಡಿ ಆಡಿದರೆ ಶಿಕ್ಷೆಯಿತ್ತು. ಆನಿ ಸೇರಿದ 1918ರಲ್ಲೇ ಜಗತ್ತಿನಾದ್ಯಂತ ಹಬ್ಬಿದ ಇನ್‌ಫ್ಲುಯೆಂಜಾ ಆ ಶಾಲೆಗೂ ಬಂತು. ಅನೇಕ ಮಕ್ಕಳು ಸತ್ತರು. ಆನಿಗೂ ಜ್ವರ ಬಂತು, ಆದರೆ ಬೇಗ ಚೇತರಿಸಿಕೊಂಡಳು. ಆಮೇಲೆ ಶಾಲೆಯ ನರ್ಸಿಗೆ ಕೈ ಜೋಡಿಸಿದಳು. ಸೀಮೆಎಣ್ಣೆ ದೀಪ ಒರೆಸುವುದು, ಮಲಗಿದಲ್ಲೇ ಇದ್ದ ಮಕ್ಕಳಿಗೆ ಚಮಚದಲ್ಲಿ ಉಣಿಸುವುದು. ಕೆಲ ಕಾಲದ ನಂತರ ಟ್ರಕೋಮಾ ಎಂಬ ಕಣ್ಣಿನ ಸೋಂಕು ಬಂತು. ಮುಖ ತೊಳೆಯಲು ಸಾಕಷ್ಟು ನೀರಿಲ್ಲದ ಕಡೆ ಹಬ್ಬುವ, ಕಣ್ಣನ್ನೇ ತೆಗೆದುಬಿಡುವ ರೋಗ ಅದು.

ಮುಂದೆ ಆಲ್ಬುಕರ್ಕಿಯ ಶಾಲೆಯಲ್ಲಿ ಹನ್ನೊಂದನೇ ತರಗತಿವರೆಗೆ ಓದಿದರು. ಅಲ್ಲಿ ಪರಿಚಯವಾದ ಜಾರ್ಜ್ ವಾನೆಕಾ ಅವರನ್ನು 1929ರಲ್ಲಿ ಮದುವೆಯಾದರು. ನವಾಹೊ ಪದ್ಧತಿಯಲ್ಲಿ ಮದುವೆ ಹಿರಿಯರು ಕೂಡಿಸುವ ವಿಷಯ. ಮಗಳು ತಾನೇ ಆರಿಸಿಕೊಂಡದ್ದಕ್ಕೆ ಅಪ್ಪ ಅಡ್ಡ ಬರಲಿಲ್ಲ.

ಮದುವೆಯ ನಂತರ ಗಂಡ ಹೆಂಡತಿ ಅಪ್ಪನ ದನಕುರಿಗಳ ಜಾಗ ನೋಡಿಕೊಳ್ಳಲು ಹೋದರು. ಅಪ್ಪ ಸಭೆಗಳಿಗೆ ಹೊರಟರೆ ಆನಿ ಜೊತೆಗಿರುತ್ತಿದ್ದರು. ನವಾಹೊ ಊರುಗಳಲ್ಲಿ ‘ಚಾಪ್ಟರ್’ ಎಂಬ ಸಭೆ ಇದೆ. ಊರಿನವರೆಲ್ಲ ಕೂಡಿ ಮಾತಾಡುವ ಜಾಗ, ನಮ್ಮ ಗ್ರಾಮಸಭೆ ಇದ್ದ ಹಾಗೆ. ಕ್ಲಾಗೆಟೊ ಎಂಬ ಊರಿನ ಚಾಪ್ಟರಿನಲ್ಲಿ ಆನಿ ಕಾರ್ಯದರ್ಶಿಯಾದರು. ಅಧಿಕಾರಿಗಳ ಇಂಗ್ಲಿಷನ್ನು ಜನರಿಗೆ, ಜನರ ನವಾಹೊ ಮಾತನ್ನು ಅಧಿಕಾರಿಗಳಿಗೆ ಹೇಳುವ ಕೆಲಸವೂ ಅವರ ಪಾಲಿಗೇ ಬಂತು. ಅಪ್ಪ ಮಾಡಿದ್ದ ದುಭಾಷಿ ಕೆಲಸವೇ ಹೀಗೆ ಮಗಳಿಗೂ ಬಂತು.

ಕುರಿ ಕೊಂದ ಸರ್ಕಾರ

ಆನಿ ಮುಂದೆ ಎದುರಿಸಿದ ಕಷ್ಟ ತಿಳಿಯಬೇಕಾದರೆ 1930ರ ದಶಕದಲ್ಲಿ ನಡೆದದ್ದು ಗೊತ್ತಿರಬೇಕು.

ಕುರಿ ಮೇಕೆಗಳು ಹೆಚ್ಚಾಗಿ ಹುಲ್ಲು ಬೋಳಾಗುತ್ತಿದೆ, ಮಣ್ಣು ಕೊಚ್ಚಿಹೋಗಿ ಕೊಲೊರಾಡೊ ನದಿಯ ಹೊಸ ಅಣೆಕಟ್ಟಿನಲ್ಲಿ ಹೂಳು ತುಂಬುತ್ತದೆ ಎಂದು ಸರ್ಕಾರ ಹೇಳಿತು. ಮಂದೆ ಕಡಿಮೆ ಮಾಡಲು ಆಜ್ಞೆಯಾಯಿತು. ಹುಲ್ಲು ಬೋಳಾಗಿದ್ದು ನಿಜ. ಆದರೆ ಸಾವಿರಾರು ಮೇಕೆ ಕುರಿಗಳನ್ನು ಜನರ ಕಣ್ಣೆದುರೇ ಗುಂಡು ಹೊಡೆದು ಕೊಂದು ಅಲ್ಲೇ ಕೊಳೆಯಲು ಬಿಟ್ಟರು. ನವಾಹೊ ಕುಲ ನಡೆಯುವುದು ತಾಯಿಯ ಕಡೆಯಿಂದ. ಮಂದೆಯಲ್ಲಿ ಬಹುಪಾಲು ಹೆಂಗಸರ ಆಸ್ತಿ. ಅವರ ಮಗ್ಗಕ್ಕೆ ಉಣ್ಣೆ, ಮಕ್ಕಳಿಗೆ ಹಾಲು, ಊಟಕ್ಕೆ ಮಾಂಸ ಎಲ್ಲ ಅದರಿಂದಲೇ. ಸರ್ಕಾರ ಅವರನ್ನು ಕೇಳಲೇ ಇಲ್ಲ.

ಹೀಗೆ ಒಂದು ಸಲ ಮನೆಯಂಗಳಕ್ಕೆ ಬಂದು ಕುರಿ ಕೊಂದ ಸರ್ಕಾರ, ಇನ್ನೊಂದು ಸಲ ಬಂದು ‘ನಿಮ್ಮ ಮಗುವಿಗೆ ರೋಗವಿದೆ, ದೂರದ ಆಸ್ಪತ್ರೆಗೆ ಕಳಿಸಿ’ ಅಂದರೆ ಯಾರು ನಂಬುತ್ತಾರೆ?

1947ರ ಜನವರಿಯಲ್ಲಿ ಚೀ ಡಾಡ್ಜ್ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮುಂಚೆ, 1946ರಲ್ಲಿ, ಲಿಲಿ ನೀಲ್ ಎಂಬವರು ಪರಿಷತ್ತಿಗೆ ಗೆದ್ದ ಮೊದಲ ನವಾಹೊ ಮಹಿಳೆಯಾಗಿದ್ದರು. ಅನೇಕ ಕಡೆ ಆನಿಯನ್ನೇ ಮೊದಲಿಗರು ಎಂದು ಬರೆಯುತ್ತಾರೆ, ಅದು ತಪ್ಪು. ಆನಿ ಎರಡನೆಯವರು. ನವಾಹೊ ಹೆಂಗಸರಿಗೆ ಬುಡಕಟ್ಟು ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಕ್ಕಿದ್ದು 1928ರಲ್ಲಿ. ಅರಿಜೋನಾ ರಾಜ್ಯದ ಚುನಾವಣೆಯಲ್ಲಂತೂ ರಿಸರ್ವೇಶನ್ನಿನ ಗಂಡಸರಿಗೂ ಹೆಂಗಸರಿಗೂ 1948ರವರೆಗೆ ಮತವೇ ಇರಲಿಲ್ಲ. ಅದೂ ನ್ಯಾಯಾಲಯಕ್ಕೆ ಹೋಗಿ ಪಡೆದದ್ದು.

1951ರಲ್ಲಿ ಕ್ಲಾಗೆಟೊ ಮತ್ತು ವೈಡ್ ರೂಯಿನ್ಸ್ ಊರುಗಳ ಪರವಾಗಿ ಆನಿ ಗೆದ್ದರು. ಮುಂದಿನ ಚುನಾವಣೆಯಲ್ಲಿ ಅವರ ಎದುರು ನಿಂತವರಲ್ಲಿ ಗಂಡ ಜಾರ್ಜ್ ಕೂಡ ಒಬ್ಬರು. ಗೆದ್ದದ್ದು ಆನಿಯೇ.

ಟಿಬಿ ಕಲಿಯಲು ಮೂರು ತಿಂಗಳು

ಪರಿಷತ್ತು ಆನಿಗೆ ಆರೋಗ್ಯ ಸಮಿತಿಯ ಹೊಣೆ ಕೊಟ್ಟಿತು. ಆಗ ನವಾಹೊ ನೆಲದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತಿದ್ದುದು ಕ್ಷಯ, ಅಂದರೆ ಟಿಬಿ. ಅಮೆರಿಕದ ಉಳಿದ ಜನರಿಗಿಂತ ಹಲವು ಪಟ್ಟು ಹೆಚ್ಚು ನವಾಹೊಗಳು ಅದರಿಂದ ಸಾಯುತ್ತಿದ್ದರು. ಒಂದೇ ಕೋಣೆಯ ಮನೆ, ಒಟ್ಟಿಗೆ ಮಲಗುವ ಸಂಸಾರ, ಮೈಲಿಗಟ್ಟಲೆ ದೂರದಿಂದ ಪೀಪಾಯಿಯಲ್ಲಿ ತರುವ ನೀರು, ಸಾಲದ ಊಟ. ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ ತಗಲುತ್ತಿತ್ತು.

ಆಸ್ಪತ್ರೆಯಲ್ಲಿ ಜಾಗ ಸಾಲದೆ ರೋಗಿಗಳನ್ನು ರಿಸರ್ವೇಶನ್ನಿನ ಆಚೆ, ದೂರದ ಪಟ್ಟಣಗಳಿಗೆ ಕಳಿಸುತ್ತಿದ್ದರು. ತಿಂಗಳುಗಟ್ಟಲೆ ಮಲಗಬೇಕು. ಸುತ್ತಲೂ ಗೊತ್ತಿಲ್ಲದ ಭಾಷೆ. ಯಾಕೆ ಮಲಗಿಸಿದ್ದಾರೆಂದು ಹೇಳುವವರಿಲ್ಲ. ಸ್ವಲ್ಪ ಹುಷಾರಾದ ಕೂಡಲೇ ಅನೇಕರು ಹೇಳದೆ ಕೇಳದೆ ಮನೆಗೆ ಬಂದುಬಿಡುತ್ತಿದ್ದರು. ಬಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ ರೋಗ ಹಂಚುತ್ತಿದ್ದರು.

ಇನ್ನೊಂದು ಭಯವೂ ಇತ್ತು. ಮನೆಯೊಳಗೆ ಯಾರಾದರೂ ಸತ್ತರೆ ಆ ಮನೆಯನ್ನೇ ಬಿಟ್ಟುಹೋಗುವುದು ನವಾಹೊ ಪದ್ಧತಿ. ಸತ್ತವರ ಕೆಟ್ಟ ಅಂಶ ಅಲ್ಲಿ ಉಳಿಯುತ್ತದೆ ಎಂಬ ನಂಬಿಕೆ. ಎಷ್ಟೋ ಜನ ಸತ್ತ ಆಸ್ಪತ್ರೆ ಕಟ್ಟಡದಲ್ಲಿ ಮಲಗು ಅಂದರೆ ಅವರಿಗೆ ಹೇಗಾಗಬೇಡ? ಡಾಕ್ಟರುಗಳು ಇದನ್ನು ಮೊಂಡುತನ ಅಂದುಕೊಂಡರು. ಜನ ಡಾಕ್ಟರುಗಳನ್ನು ಕಲ್ಲೆದೆಯವರು ಅಂದುಕೊಂಡರು.

ಆನಿ ಮೊದಲು ಮಾಡಿದ್ದು ಭಾಷಣವಲ್ಲ. ಟಿಬಿ ಬಗ್ಗೆ ತನಗೇ ಸರಿಯಾಗಿ ಗೊತ್ತಿಲ್ಲವೆಂದು ಸರ್ಕಾರಿ ಆಸ್ಪತ್ರೆ, ಪ್ರಯೋಗಾಲಯಗಳಲ್ಲಿ ಮೂರು ತಿಂಗಳು ಕಲಿತರು. ರೋಗ ತರುವ ಜೀವಿ ಯಾವುದು, ಕೆಮ್ಮಿದಾಗ ಹೇಗೆ ಹರಡುತ್ತದೆ, ಎಕ್ಸ್‌ರೇಯಲ್ಲಿ ಕಾಣುವ ಕಲೆ ಏನು, ಮಾತ್ರೆ ನಡುವೆ ನಿಲ್ಲಿಸಿದರೆ ಏನಾಗುತ್ತದೆ, ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಆಮೇಲೆ ಹೊರಟರು.

ಡಾಂಬರು ರಸ್ತೆ ಎಣಿಕೆಗೆ ಸಿಗುವಷ್ಟೇ ಇದ್ದ ಕಾಲ. ಮಳೆ ಬಂದರೆ ಗಾಡಿ ಹೂತುಕೊಳ್ಳುವ ಕೆಂಪು ಮಣ್ಣಿನ ದಾರಿ. ಆಸ್ಪತ್ರೆ ಬಿಟ್ಟು ಬಂದವರ ಹಟ್ಟಿಗಳನ್ನು ಹುಡುಕಿ ಹೋಗಿ ಮಾತಾಡಿದರು. ದೂರದ ಊರುಗಳ ಆಸ್ಪತ್ರೆಗಳಲ್ಲಿ ಮಲಗಿದ್ದವರನ್ನೂ ನೋಡಿದರು. ಮನೆಯ ಸುದ್ದಿ ಅವರಿಗೆ, ಅವರ ಸುದ್ದಿ ಮನೆಗೆ ಮುಟ್ಟಿಸಿದರು.

ಪದವೇ ಇಲ್ಲದ ಕಡೆ

ಎಲ್ಲಕ್ಕಿಂತ ಕಷ್ಟ ಭಾಷೆಯದು. ನವಾಹೊ ಭಾಷೆಯಲ್ಲಿ ಟಿಬಿಗೆ ಹೆಸರಿತ್ತು. ಎದೆಯೊಳಗಿನದು ಇಲ್ಲವಾಗುವುದು ಎಂಬ ಅರ್ಥದ ಮಾತು ಅದು. ಆ ಹೆಸರು ಕೇಳಿದರೇ ಸಾವು ಬಂತು ಎಂದು ತಿಳಿಯುವಂತಿತ್ತು. ಆದರೆ ರೋಗಾಣು ಎಂಬುದಕ್ಕೆ ಬಳಕೆಯ ಪದ ಇರಲಿಲ್ಲ. ಇಂದು ನವಾಹೊ ಭಾಷೆಯಲ್ಲಿ ರೋಗಾಣುವಿಗೆ ‘ಕಣ್ಣಿಗೆ ಕಾಣದ ಹುಳ’ ಎಂಬ ಅರ್ಥದ ಹೆಸರಿದೆ. ಕಾಣದ್ದು ಇದೆ ಎಂದು ನಂಬಿಸುವುದು ಸುಲಭವಲ್ಲ.

ಇಂಗ್ಲಿಷ್ ವೈದ್ಯಕೀಯ ಪದಗಳಿಗೆ ನವಾಹೊ ಮಾತು ಹುಡುಕಿ ಪಟ್ಟಿ ಮಾಡುವ ಕೆಲಸಕ್ಕೆ ಆನಿ ಕೈ ಹಾಕಿದರು. ಡಾಕ್ಟರ್, ನರ್ಸ್, ದುಭಾಷಿ ಎಲ್ಲರೂ ಒಂದೇ ಮಾತು ಬಳಸಬೇಕು, ಒಬ್ಬೊಬ್ಬರು ಒಂದೊಂದು ಹೇಳಿದರೆ ರೋಗಿಗೆ ದಿಕ್ಕು ತಪ್ಪುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ನೀರು, ನೊಣ, ಶುಚಿತ್ವದ ಬಗ್ಗೆ ಚಲನಚಿತ್ರ ಮಾಡಿಸಿದರು. 1960ರ ಹೊತ್ತಿಗೆ ಗ್ಯಾಲಪ್ ಪಟ್ಟಣದ ರೇಡಿಯೊದಲ್ಲಿ ನವಾಹೊ ಭಾಷೆಯ ಕಾರ್ಯಕ್ರಮ ನಡೆಸತೊಡಗಿದರು. ಓದು ಬಾರದವರಿಗೂ ಅದು ಮುಟ್ಟಿತು.

ಶಾಲೆಯಲ್ಲಿ ಆಡಿದರೆ ಶಿಕ್ಷೆ ಕೊಡುತ್ತಿದ್ದ ಭಾಷೆ ಇದು ಎಂಬುದನ್ನು ನೆನಪಿಡಿ. ಎರಡನೇ ಮಹಾಯುದ್ಧದಲ್ಲಿ ಇದೇ ಭಾಷೆಯಲ್ಲಿ ಗುಪ್ತ ಸಂದೇಶ ಕಳಿಸಲು ಅಮೆರಿಕದ ಸೈನ್ಯ ನವಾಹೊ ಯುವಕರನ್ನು ಬಳಸಿಕೊಂಡಿತ್ತು. ಈಗ ಅದೇ ಭಾಷೆ ಜೀವ ಉಳಿಸುವ ಕೆಲಸಕ್ಕೂ ಬಂತು.

ಇನ್ನು ಹಾತಾಲಿಗಳು. ಹಾತಾಲಿ ಅಂದರೆ ಹಾಡುವವರು. ಇವರು ನವಾಹೊ ವೈದ್ಯರು. ಹಾಡು ಹೇಳಿ, ಬಣ್ಣದ ಮರಳಿನಲ್ಲಿ ನೆಲದ ಮೇಲೆ ಚಿತ್ರ ಬಿಡಿಸಿ, ರಾತ್ರಿಗಟ್ಟಲೆ ಆಚರಣೆ ಮಾಡಿ ರೋಗಿಯನ್ನು ಸಮತೋಲಕ್ಕೆ ತರುವುದು ಅವರ ವಿದ್ಯೆ. ಸಿಡಿಲು ಬಡಿದ ಮರದ ಸಂಪರ್ಕದಿಂದ ಎದೆಯ ರೋಗ ಬರುತ್ತದೆ ಎಂದು ಅವರಲ್ಲಿ ಅನೇಕರು ತಿಳಿದಿದ್ದರು.

ಅವರನ್ನು ಮೂಢರೆಂದು ಬದಿಗೆ ತಳ್ಳಿದ್ದರೆ ಆನಿಯ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಊರು ನಂಬುತ್ತಿದ್ದುದು ಅವರನ್ನೇ. ಆನಿ ಹಾತಾಲಿಗಳನ್ನೂ ಡಾಕ್ಟರುಗಳನ್ನೂ ಎದುರುಬದುರು ಕೂರಿಸಿ ಮಾತಾಡಿಸಿದರು. ಟಿಬಿ ಮಾತ್ರ ಆಸ್ಪತ್ರೆಯ ಔಷಧಕ್ಕೇ ಬಗ್ಗುವುದು ಎಂದು ಹಾತಾಲಿಗಳ ಎದುರು ನೇರವಾಗಿ ಹೇಳಿದರು. ಜನರ ನಂಬಿಕೆಯನ್ನು ನಗಬೇಡಿ ಎಂದು ಡಾಕ್ಟರುಗಳಿಗೂ ಹೇಳಿದರು. ಆಚರಣೆಯೂ ಆಗಲಿ, ಔಷಧವೂ ನಡೆಯಲಿ ಎಂಬ ದಾರಿ ನಿಧಾನವಾಗಿ ತೆರೆಯಿತು.

ಔಷಧವೂ ಬಂತು, ಹಣವೂ ಬಂತು

ಆನಿಯೊಬ್ಬರೇ ಟಿಬಿ ಓಡಿಸಿದರು ಅಂದರೆ ಅದು ಸುಳ್ಳಾಗುತ್ತದೆ. ಇನ್ನೂ ಕೆಲವು ಸಂಗತಿಗಳು ಅದೇ ಹೊತ್ತಿಗೆ ಕೂಡಿಬಂದವು.

1950ರಲ್ಲಿ ಅಮೆರಿಕದ ಸಂಸತ್ತು ನವಾಹೊ ಮತ್ತು ನೆರೆಯ ಹೋಪಿ ಜನರ ರಸ್ತೆ, ಶಾಲೆ, ಆಸ್ಪತ್ರೆಗಳಿಗೆಂದು ದೊಡ್ಡ ಮೊತ್ತಕ್ಕೆ ಒಪ್ಪಿಗೆ ಕೊಟ್ಟಿತ್ತು. 1952ರಲ್ಲಿ ಐಸೋನಿಯಾಜಿಡ್ ಎಂಬ ಹೊಸ ಟಿಬಿ ಔಷಧ ಬಂತು. ಅದನ್ನು ಮೊದಲ ಹಂತದಲ್ಲಿ ಬಳಸಿ ನೋಡಿದ ಕಡೆಗಳಲ್ಲಿ ನವಾಹೊ ನೆಲವೂ ಒಂದು. ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯರು ಅಲ್ಲಿಗೆ ಬಂದು ಕೆಲಸ ಮಾಡಿದರು. ಮುಂದೆ ಮೆನಿ ಫಾರ್ಮ್ಸ್ ಎಂಬ ಊರಿನಲ್ಲಿ ಚಿಕಿತ್ಸಾಲಯ ತೆರೆದು, ಸ್ಥಳೀಯ ನವಾಹೊಗಳಿಗೇ ತರಬೇತಿ ಕೊಟ್ಟು ಮನೆ ಮನೆಗೆ ಕಳಿಸಿದರು. ಈ ಐಸೋನಿಯಾಜಿಡ್ ಹಳೆಯ ಕಥೆಯಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇವತ್ತು ಕೊಡುವ ಟಿಬಿ ಮಾತ್ರೆಯಲ್ಲೂ ಅದು ಇದೆ.

1955ರಲ್ಲಿ ಮೂಲನಿವಾಸಿಗಳ ಆಸ್ಪತ್ರೆಗಳ ಹೊಣೆ ಬುಡಕಟ್ಟು ವ್ಯವಹಾರಗಳ ಇಲಾಖೆಯಿಂದ ಸಾರ್ವಜನಿಕ ಆರೋಗ್ಯ ಇಲಾಖೆಗೆ ಹೋಯಿತು. ಅಲ್ಲಿಂದ ವೈದ್ಯರೂ ಹಣವೂ ಹೆಚ್ಚಾದವು. ಮರುವರ್ಷ ಆ ಇಲಾಖೆಯ ಸಲಹಾ ಸಮಿತಿಗೆ ಆನಿಯನ್ನು ಸೇರಿಸಿಕೊಂಡರು. ವಾಷಿಂಗ್ಟನ್ನಿಗೂ ಅವರು ಅದೇ ಮಖಮಲ್ ರವಿಕೆ, ಉದ್ದ ಲಂಗದಲ್ಲೇ ಹೋದರು.

ಔಷಧ ಬಂದ ಮಾತ್ರಕ್ಕೆ ರೋಗ ಹೋಗುವುದಿಲ್ಲ. ಕೆಮ್ಮು ನಿಂತ ಮೇಲೂ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು ಎಂಬುದನ್ನು ಯಾರಾದರೂ ಒಪ್ಪಿಸಬೇಕು. ಆನಿ ಮತ್ತು ಅವರಂತೆ ಮನೆ ಸುತ್ತಿದವರು ಮಾಡಿದ್ದು ಅದನ್ನೇ. ಮುಂದಿನ ವರ್ಷಗಳಲ್ಲಿ ಟಿಬಿ ಸಾವು ಬಹಳ ಇಳಿಯಿತು.

1963ರ ಜುಲೈಯಲ್ಲಿ ಅಧ್ಯಕ್ಷ ಕೆನಡಿ ‘ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ’ ಪದಕಕ್ಕೆ ಆರಿಸಿದವರ ಹೆಸರು ಪ್ರಕಟಿಸಿದರು. ಅದರಲ್ಲಿ ಆನಿ ಇದ್ದರು. ನವೆಂಬರಿನಲ್ಲಿ ಕೆನಡಿ ಗುಂಡೇಟಿಗೆ ಬಲಿಯಾದರು. ಡಿಸೆಂಬರ್ 6ರಂದು ಹೊಸ ಅಧ್ಯಕ್ಷ ಲಿಂಡನ್ ಜಾನ್ಸನ್ ಪದಕ ಕೊಟ್ಟರು. ಈ ಗೌರವ ಪಡೆದ ಮೊದಲ ಮೂಲನಿವಾಸಿ ಆನಿ.

ಏಟು ಕೊಟ್ಟ ದಿನ

ಆನಿ ಸಿಟ್ಟಿನ ಹೆಂಗಸೂ ಹೌದು. 1968ರ ಆಗಸ್ಟಿನಲ್ಲಿ ಹೊಸ ನಾಗರಿಕ ಹಕ್ಕು ಕಾನೂನಿನ ಬಗ್ಗೆ ವಿಂಡೋ ರಾಕ್‌ನಲ್ಲಿ ಸಮಿತಿ ಸಭೆ ನಡೆಯಿತು. ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಸಂಸ್ಥೆಯ ಬಿಳಿಯ ನಿರ್ದೇಶಕರೂ ಅಲ್ಲಿದ್ದರು. ರಿಸರ್ವೇಶನ್ನಿನಿಂದ ಒಬ್ಬರನ್ನು ಹೊರಹಾಕುವ ಅಧಿಕಾರದ ಪ್ರಶ್ನೆ ಬಂದಾಗ ಅವರು ನಕ್ಕರು. ತಮ್ಮನ್ನು ಹೀಯಾಳಿಸಿದರು ಎಂದು ಸದಸ್ಯರಿಗೆ ಅನ್ನಿಸಿತು. ಮರುದಿನ ಆನಿ ಎಲ್ಲರೆದುರು ಅವರಿಗೆ ಹೊಡೆದರು. ನವಾಹೊ ಆಡಳಿತ ಅವರನ್ನು ರಿಸರ್ವೇಶನ್ನಿನಿಂದ ಹೊರಹಾಕಿತು. ವಿಷಯ ನ್ಯಾಯಾಲಯಕ್ಕೆ ಹೋಗಿ, ಹೊರಹಾಕಿದ್ದು ಸರಿಯಲ್ಲ ಎಂದು 1969ರಲ್ಲಿ ತೀರ್ಪಾಯಿತು.

ಆ ವಕೀಲರ ಸಂಸ್ಥೆಯಿಂದ ಬಡ ನವಾಹೊಗಳಿಗೆ ನಿಜವಾದ ಉಪಕಾರವಾಗಿತ್ತು. ಆದ್ದರಿಂದ ಆನಿ ಮಾಡಿದ್ದು ಸರಿ ಎಂದು ಎಲ್ಲ ನವಾಹೊಗಳೂ ಒಪ್ಪಲಿಲ್ಲ. ಪೆಯೋಟಿ ಎಂಬ ಕಳ್ಳಿಗಿಡವನ್ನು ಪೂಜೆಯಲ್ಲಿ ಸೇವಿಸುವ ಪಂಥವನ್ನೂ ಅವರು ಗಟ್ಟಿಯಾಗಿ ವಿರೋಧಿಸಿದ್ದರು. 1967ರಲ್ಲಿ ಪರಿಷತ್ತು ಆ ಪಂಥಕ್ಕೆ ಅನುಮತಿ ಕೊಟ್ಟಿತು. ಅಲ್ಲಿ ಆನಿ ಸೋತರು. ಡಾಕ್ಟರುಗಳ ಮುಂದೆ ಜನರ ನಂಬಿಕೆಗೆ ದನಿಯಾದವರಿಗೆ ತಮ್ಮವರದೇ ಇನ್ನೊಂದು ನಂಬಿಕೆಯನ್ನು ಸಹಿಸಲು ಆಗಲಿಲ್ಲ. ದೊಡ್ಡವರ ಬದುಕಿನಲ್ಲಿ ಇಂಥವೂ ಇರುತ್ತವೆ, ಮುಚ್ಚಿಡುವುದು ಬೇಡ.

ಆಮೇಲೆ

1978ರವರೆಗೆ ಆನಿ ಪರಿಷತ್ತಿನಲ್ಲಿದ್ದರು. 1984ರಲ್ಲಿ ಅದೇ ಪರಿಷತ್ತು ಅವರನ್ನು ನವಾಹೊ ಜನರ ಮಹಾತಾಯಿ ಎಂದು ಗೌರವಿಸಿತು. 1997ರ ನವೆಂಬರ್ 10ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು.

ಎಲ್ಲವೂ ಸರಿಹೋಗಿಲ್ಲ. ಇವತ್ತಿಗೂ ನವಾಹೊ ನೆಲದಲ್ಲಿ ಸುಮಾರು ಮೂರರಲ್ಲಿ ಒಂದು ಮನೆಗೆ ನಲ್ಲಿ ನೀರಿಲ್ಲ. ಜನ ಈಗಲೂ ಪೀಪಾಯಿ ಹಾಕಿಕೊಂಡು ಗಾಡಿಯಲ್ಲಿ ನೀರು ತರುತ್ತಾರೆ. 2020ರಲ್ಲಿ ಕೊರೊನಾ ಬಂದಾಗ ಕೈ ತೊಳೆಯಿರಿ ಎಂದು ಜಗತ್ತೆಲ್ಲ ಹೇಳುತ್ತಿತ್ತು. ತೊಳೆಯಲು ನೀರಿಲ್ಲದ ಆ ಮನೆಗಳಲ್ಲಿ ಸಾವು ಬಹಳ ಆಯಿತು. ಆಗಲೂ ಸ್ಥಳೀಯ ಆರೋಗ್ಯ ಕಾರ್ಯಕರ್ತರು ನವಾಹೊ ಭಾಷೆಯಲ್ಲೇ ತಿಳಿಹೇಳಿದರು.

ಪರಿಷತ್ತಿನಲ್ಲಿ ಮಹಿಳೆಯರ ದಾರಿಯೂ ನಿಧಾನವಾಗಿಯೇ ಸಾಗಿದೆ. ಈಗ ಸದಸ್ಯರು 24. 2023ರಲ್ಲಿ ಕ್ರಿಸ್ಟಲಿನ್ ಕರ್ಲಿ ಪರಿಷತ್ತಿನ ಮೊದಲ ಮಹಿಳಾ ಸ್ಪೀಕರ್ ಆದರು. ಅದೇ ವರ್ಷ ರಿಷೆಲ್ ಮೊಂಟೋಯಾ ನವಾಹೊ ನೇಷನ್ನಿನ ಮೊದಲ ಮಹಿಳಾ ಉಪಾಧ್ಯಕ್ಷರಾದರು. ಆನಿ 74 ಸದಸ್ಯರ ನಡುವೆ ಒಬ್ಬರೇ ಕೂತಿದ್ದ ಆ ಎಂಟು ಮೂಲೆಯ ಕೆಂಪು ಕಲ್ಲಿನ ಕಟ್ಟಡ ವಿಂಡೋ ರಾಕ್‌ನಲ್ಲಿ ಇಂದಿಗೂ ಇದೆ.